ತವರಿನ ಡಬ್ಬಿಯಲ್ಲಿ ಮೊಳಕೆಕಾಳು

ಆರೋಗ್ಯದ ವಿಷಯದಲ್ಲಿ ನಾನು ಮೊದಲಿನಿಂದಲೂ ಬಲು ಜಾಗರೂಕ ಮನುಷ್ಯ. ಮೊದಲಿನಿಂದ ಎಂದರೆ, ಎಪ್ಪತ್ತಾರನೇ ಇಸವಿಯ ಬೇಸಿಗೆಯಿಂದ. ಬಳ್ಳಾರಿಯ ಬಿಸಿಲು ತಾಳಲಾರದೆ ಒಂದು ಮಧ್ಯಾಹ್ನ ಫ್ಯಾನು ತಿರುಗುತ್ತಿದ್ದ ಸಭಾಂಗಣವೊಂದಕ್ಕೆ ನುಗ್ಗಿದೆ. ಒಳಗೆ ಪ್ರಕೃತಿ ಚಿಕಿತ್ಸೆಯವರೊಬ್ಬರು ಭಾಷಣ ಮಾಡುತ್ತಿದ್ದರು. ಫ್ಯಾನಿನ ಋಣಕ್ಕೆ ಪೂರ್ತಿ ಕೇಳಿದೆ. ಕರಿದದ್ದು ವಿಷ, ಸಿಹಿ ಅದರ ತಮ್ಮ, ಮೊಳಕೆ ಬಂದ ಹಸಿ ಕಾಳೊಂದೇ ಅಮೃತ! ಮನೆಗೆ ಬರುವಷ್ಟರಲ್ಲಿ ನಾನು ಹೊಸ ಮನುಷ್ಯನಾಗಿದ್ದೆ.

ಅದೇ ವಾರ ಹೆಂಡತಿ ಗಿರಿಜಾಳ ತವರೂರು ಸಿರುಗುಪ್ಪಕ್ಕೆ ಹೊರಡುವುದಿತ್ತು. ಬಾಡಿಗೆಗೆ ಅಂಬಾಸಿಡರ್ ಗೊತ್ತು ಮಾಡಿದ್ದೆ. ಕುರುಗೋಡಿನಲ್ಲಿ ಬಸವಣ್ಣನ ದರ್ಶನ ಮಾಡಿ ಮುಂದೆ ಹೋಗುವ ಯೋಜನೆ.

"ದಾರ್ಯಾಗ ತಿನ್ನಾಕ ಬೇಕಾದ್ದನ್ನ ಈ ಸಲ ನಾನು ಕಟ್ಟತೀನಿ" ಎಂದು ಘೋಷಿಸಿದೆ.

"ನೀವಾ? ಒಲಿ ಹಚ್ಚಾಕ ಬರಂಗಿಲ್ಲ ನಿಮಗ!"

"ಹಚ್ಚೋದೇ ಬ್ಯಾಡ. ಆರೋಗ್ಯಕ್ಕ ಒಲಿನೇ ವೈರಿ!"

"ಏನಾರ ಮಾಡ್ಕೊರ್ರಿ. ತವರಿಗೆ ಒಯ್ಯೋ ಬುತ್ತಿ ಡಬ್ಬಿ ಮಾತ್ರ ಮುಟ್ಟಬ್ಯಾಡ್ರಿ" ಅಂದಳಂತೆ. ಅಂತೆ ಎನ್ನಲು ಕಾರಣ, ಆ ಹೊತ್ತಿಗೆ ನಾನು ನಾರಿನಂಶದ ಚಿಂತನೆಯಲ್ಲಿ ಮುಳುಗಿದ್ದೆ.

ನಮ್ಮ ಕಡೆ ಮಗಳು ತವರಿಗೆ ಒಯ್ದ ಬುತ್ತಿಯನ್ನು ಓಣಿಯ ಮನೆಮನೆಗೂ ಬೀರುತ್ತಾರೆ. ಗಂಡನ ಮನೆಯ ಯೋಗ್ಯತೆಯನ್ನು ಓಣಿಯವರು ತಿಂದು ನೋಡಿ ತೀರ್ಮಾನಿಸುತ್ತಾರೆ. ಹಿಂದಿನ ಸಲ ಗಿರಿಜಾಳ ಅತ್ತಿಗೆ ಶರಣಮ್ಮ ಒಂದು ಉಂಡಿಯನ್ನು ಎತ್ತಿ ಹಿಡಿದು, "ಇದೇನವ್ವ, ಹುಡುಗರು ಆಡೋ ಗೋಲಿ ತಂದೀಯೇನು?" ಎಂದು ಎಲ್ಲರೆದುರಿಗೆ ಕೇಳಿದ್ದರು. ಆ ಮಾತು ನನ್ನವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅದಕ್ಕೇ ಈ ಸಲ ಸೊಂಟ ಹಿಡಿಯುವ ತನಕ ಕೂತು ನಿಂಬೆಹಣ್ಣಿನ ಗಾತ್ರದ ಶೇಂಗಾ ಉಂಡಿ ಕಟ್ಟಿದ್ದಳು, ಕರ್ಚಿಕಾಯಿ, ಚಕ್ಕುಲಿ ಕರಿದಿದ್ದಳು.

ಹೊರಡುವ ದಿನ ಬೆಳಿಗ್ಗೆ ಅವಳು ಮಕ್ಕಳಿಗೆ ನೀರೆರೆಯುತ್ತಿದ್ದಾಗ ಆ ಡಬ್ಬಿ ನನ್ನ ಕಣ್ಣಿಗೆ ಬಿತ್ತು. ಮುಚ್ಚಳ ತೆಗೆದರೆ ಒಳಗೆ ವಿಷ, ವಿಷದ ತಮ್ಮ, ಇಡೀ ಕುಟುಂಬ! ನನಗೆ ಗೊತ್ತಾಗದಂತೆ ದಾರಿಯಲ್ಲಿ ಮಕ್ಕಳಿಗೆ ತಿನ್ನಿಸುವ ಸಂಚು ಎಂದು ತಿಳಿದೆ. ಅಷ್ಟನ್ನೂ ಚೀಲಕ್ಕೆ ಸುರಿದು ಪಕ್ಕದ ಮನೆಯ ವಿರೂಪಾಕ್ಷಪ್ಪನವರಿಗೆ ಗೋಡೆಯ ಮೇಲಿಂದ ದಾನ ಮಾಡಿದೆ.

"ಇಷ್ಟೂ ನಮಗೇನ್ರೀ?" ಅವರ ಕಣ್ಣು ಅರಳಿತು.

"ಇಷ್ಟೂ ನಿಮಗರಿ."

ಅವರ ಆರೋಗ್ಯದ ಚಿಂತೆ ಆ ಕ್ಷಣ ನನ್ನನ್ನು ಕಾಡಲಿಲ್ಲ. ಖಾಲಿ ಡಬ್ಬಿಗೆ ಒದ್ದೆ ಬಟ್ಟೆ ಹಾಸಿ, ಮೊಳಕೆ ಬಂದ ಹೆಸರುಕಾಳು, ಹುರಳಿ ತುಂಬಿ ಬಿಗಿಯಾಗಿ ಮುಚ್ಚಿ ಡಿಕ್ಕಿಗೆ ಹಾಕಿದೆ. ದಾರಿಗೆಂದು ಕೈಚೀಲದಲ್ಲಿ ಸ್ವಲ್ಪ ಕಾಳು, ಒಂದಷ್ಟು ಸೌತೆಕಾಯಿ ಇಟ್ಟುಕೊಂಡೆ.

ಕುರುಗೋಡಿನಲ್ಲಿ ದರ್ಶನ ಮುಗಿಸಿ ಮಕ್ಕಳ ಕೈಗೆ ಹುರಳಿ ಕೊಟ್ಟೆ. ಮಗಳು ಅದನ್ನು ನೋಡಿ, "ಅಪ್ಪಾ, ಇದು ಎತ್ತಿಗೆ ಹಾಕೋದಲ್ಲೇನು? ಒಳಗ ಬಸವಣ್ಣಗ ಕೊಟ್ಟು ಬರ್ಲಾ?" ಅಂದಳು. ಮರುಕ್ಷಣ ಹೆಂಡತಿ, ಮಕ್ಕಳು, ಡ್ರೈವರ್ ಎಲ್ಲರೂ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದರು. ನಾನು ತತ್ವನಿಷ್ಠನಾಗಿ ಕಾರಿನಲ್ಲೇ ಕೂತು ಸೌತೆಕಾಯಿ ಕಡಿದೆ.

ಸಿರುಗುಪ್ಪ ಮುಟ್ಟಿದಾಗ ಮಧ್ಯಾಹ್ನ. ಓಣಿಯ ಹೆಂಗಸರು ಆಗಲೇ ಪಡಸಾಲೆಯಲ್ಲಿ ನೆರೆದಿದ್ದರು. ಗಿರಿಜಾ ತಲೆಯೆತ್ತಿ, "ಅತ್ತಿಗಿ, ಡಬ್ಬಿ ನೀವೇ ತಗೀರಿ" ಎಂದಳು. ಆ ದನಿಯಲ್ಲಿ ಎರಡು ವರ್ಷದ ಸೇಡಿತ್ತು.

ಶರಣಮ್ಮ ಮುಚ್ಚಳ ತೆಗೆದರು. ಹುಳಿ ನಾತ ಪಡಸಾಲೆಯನ್ನೆಲ್ಲ ತುಂಬಿತು. ಡಿಕ್ಕಿಯ ಕಾವಿಗೆ ಕಾಳು ಬೆವೆತು, ಲೋಳೆಯಾಗಿ, ಬಾಲ ಬಿಟ್ಟುಕೊಂಡು ಕೂತಿದ್ದವು.

"ಗಿರಿಜಾ, ಇದು ಮಂದಿಗೋ, ದನಕ್ಕೋ?"

ಗಿರಿಜಾ ಡಬ್ಬಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆಫೀಸಿನಲ್ಲಿ ಎಷ್ಟೋ ಸಾಹೇಬರ ಕೆಂಗಣ್ಣು ಕಂಡಿದ್ದೇನೆ, ಅಂಥ ನೋಟ ಮಾತ್ರ ಕಂಡಿರಲಿಲ್ಲ. ಅವಳ ಕಣ್ಣು ತುಂಬಿತು. ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಅವಳೇ ಮುಂದಾದಳು.

"ಅದು ನಮ್ಮ ಮನಿಯವರ ಪಥ್ಯದ ಡಬ್ಬಿ, ಅತ್ತಿಗಿ. ಜಡ್ಡು ಭಾಳ ಆಗೇತಿ. ಇವರನ್ನ ಹೊರಡಸೋ ಗಡಿಬಿಡ್ಯಾಗ ಬುತ್ತಿ ಡಬ್ಬಿ ಊರಾಗ ಉಳೀತು" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಷ್ಟೇ! ಶರಣಮ್ಮನವರೇ ಕರಗಿ, "ಅಯ್ಯ ಶಿವನ, ಇಂಥಾ ಮನುಷ್ಯಾನ್ನ ಕಟ್ಟಿಗೊಂಡು ಅಷ್ಟು ದೂರದಿಂದ ಬಂದೀಯಲ್ಲವ್ವ!" ಎಂದು ಅವಳನ್ನು ತಬ್ಬಿಕೊಂಡರು. ಗಿರಿಜಾಳ ಮಾನ ಉಳಿಯಿತು. ನನ್ನನ್ನು ಮಂಚಕ್ಕೆ ಹಾಕಿ, ಆ ಬೇಸಿಗೆಯಲ್ಲಿ ಕಂಬಳಿ ಹೊದಿಸಿದರು.

ಬುತ್ತಿಯ ಬದಲು ನನ್ನ ಜಡ್ಡಿನ ಸುದ್ದಿಯನ್ನೇ ಮನೆಮನೆಗೆ ಬೀರಿದರು. ಎಲ್ಲರಿಗೂ ಹೋಳಿಗೆ, ತುಪ್ಪ. ನನಗೆ ಉಪ್ಪಿಲ್ಲದ ಗಂಜಿ. "ಅತ್ತಿಯಾರ, ಅರ್ಧ ಹೋಳಿಗಿ..." ಎಂದರೆ, "ಬ್ಯಾಡ್ರಿ ಅಳಿಯಾರ, ನಮ್ಮ ಹುಡುಗಿ ಮುತ್ತೈದಿಯಾಗಿ ಇರಬೇಕು" ಎಂದು ಅತ್ತೆ ಕಣ್ಣೊರೆಸಿಕೊಂಡರು.

ಸಂಜೆ ಬ್ರೆಡ್ಡು, ಮೋಸಂಬಿ ಹಿಡಿದು ಓಣಿಯೇ ಬಂತು. ಅವರಲ್ಲೊಬ್ಬ ಮುದುಕಿ ಕಂಬಳಿ ಸರಿಸಿ ನನ್ನನ್ನು ತಲೆಯಿಂದ ಕಾಲಿನ ತನಕ ಪರೀಕ್ಷಿಸಿದಳು. ನಡುವೆ ಒಂದು ಕಡೆ ಅವಳ ಕಣ್ಣು ನಿಂತಿತು.

"ಗಂಜಿ ಕುಡಿಯೋ ಮನುಷ್ಯಾಗ ಇಷ್ಟು ಹೊಟ್ಟಿ ಹೆಂಗ ಬಂತವ್ವ?"

ಶರಣಮ್ಮನವರ ಹುಬ್ಬು ಮೇಲೇರಿತು. ಬಾಗಿಲಲ್ಲಿ ನಿಂತ ಗಿರಿಜಾಳ ಮುಖ ಬಿಳಿಚಿಕೊಂಡಿತು. ಅವಳ ಮಾನ ಈಗ ನನ್ನ ಹೊಟ್ಟೆಯ ಮೇಲೆ ನಿಂತಿತ್ತು.

ಹೊಟ್ಟೆಯ ಮೇಲೆ ಕೈಯಿಟ್ಟು ನರಳಿದೆ. "ಬಾವು ಅವ್ವಾ, ಬಾವು."

ಮುದುಕಿ ಬೆರಳಿನಿಂದ ಎರಡು ಕಡೆ ಒತ್ತಿ ನೋಡಿ, ನಿಟ್ಟುಸಿರು ಬಿಟ್ಟಳು.

"ಹೌದವ್ವಾ, ಭಾಳ ಹಳೇ ಬಾವು!"