ಕಾಳಪ್ಪನ ಬಾಚಿ, ನನ್ನ ಉಸುಕಿನ ಕಾಗದ

ತಪ್ಪನ್ನು ಒಪ್ಪಿಕೊಳ್ಳುವುದು ದೊಡ್ಡ ಗುಣ ಎನ್ನುತ್ತಾರೆ. ಒಪ್ಪಿಕೊಳ್ಳಲು ಮೊದಲು ಒಂದು ತಪ್ಪು ಬೇಕಲ್ಲ, ಅದರ ಕೊರತೆ ನನಗೆ ಎಂದೂ ಆಗಿಲ್ಲ. ಜಮಖಂಡಿ ಸಂಸ್ಥಾನದಲ್ಲಿ ನಾನು ಕಾರಕೂನ. ಲೆಕ್ಕಣಿಕೆಗಿಂತ ಭಾರವಾದದ್ದನ್ನು ಎತ್ತಿದವನಲ್ಲ. ಗೋಡೆಗೆ ಮೊಳೆ ಹೊಡೆಯಲು ಹೋದರೆ ಹೆಬ್ಬೆರಳು ನೀಲಿಯಾಗುತ್ತದೆ, ಮೊಳೆ ಹಾಗೇ ಇರುತ್ತದೆ. ಅಂಥವನಿಗೆ ಬಡಿಗರ ಹಳೆಯ ಹತ್ಯಾರಗಳನ್ನು ಕೂಡಿಹಾಕುವ ಹುಚ್ಚು. ಮುಧೋಳದ ಕರಗಸ, ಬೀಳಗಿಯ ಉಳಿಗಳು, ತೇರದಾಳದ ವ್ಯಾಪಾರಿಯೊಬ್ಬರು ಅಟ್ಟದಿಂದ ಇಳಿಸಿಕೊಟ್ಟ ಬೈರಿಗೆ, ಎಲ್ಲವೂ ಪಡಸಾಲೆಯ ಗೋಡೆಯ ಮೇಲೆ. "ಕಿಡಕಿ ಕದಾ ಮುರದು ವರ್ಷಾತು. ಇಷ್ಟು ಹತ್ಯಾರ ಅದಾವಲ್ಲರೀ" ಎಂದು ಹೆಂಡತಿ ಕೇಳಿದರೆ, ಇವು ಕೆಲಸಕ್ಕಲ್ಲ, ನೋಡುವುದಕ್ಕೆ ಎನ್ನುತ್ತಿದ್ದೆ. "ಕಿಡಕಿನೂ ಈಗ ನೋಡಾಕ ಅಷ್ಟ ಐತಿ" ಎನ್ನುತ್ತಿದ್ದಳು.

ಅನಗವಾಡಿಯ ಬಡಿಗೇರ ಕಾಳಪ್ಪನಿಗೆ ಕಣ್ಣು ಮಂದವಾಗಿ ಕೆಲಸ ನಿಂತಿತ್ತು. ಮಗ ಬನಹಟ್ಟಿಗೆ ಹೋಗಿ ಮಗ್ಗಕ್ಕೆ ಕುಳಿತಿದ್ದ. ನಾನು ನಾಲ್ಕು ಸಲ ಹೋಗಿ ಗೋಗರೆದ ಮೇಲೆ ಮುದುಕ ತನ್ನ ಅಪ್ಪ ಮರ ಕೆತ್ತುತ್ತಿದ್ದ ಬಾಚಿಯನ್ನು ನನ್ನ ಕೈಗಿಟ್ಟ. ಅದಕ್ಕೆ ಒಂದೇ ಕರಾರು. "ಖಂಡೇ ಪೂಜಿಗೆ ಬರತೇನ್ರಿ ಕಾರಕೂನ್ರ. ವರ್ಷಕ್ಕೊಮ್ಮೆ ಅಪ್ಪನ ಕೈ ಮುಟ್ಟಿ ಹೋಗತೇನಿ." ವಯಸ್ಸಾದವರು ಹೀಗೆ ಏನೋ ಹೇಳುತ್ತಾರೆ ಎಂದುಕೊಂಡು ತಲೆಯಾಡಿಸಿದೆ.

ನವರಾತ್ರಿ ಬಂತು, ಹತ್ಯಾರಗಳನ್ನು ಪೂಜಿಸುವ ಖಂಡೇ ಪೂಜೆ ಹತ್ತಿರವಾಯಿತು. ಬಾಚಿಯ ಹಿಡಿಕೆ ಕರ್ರಗೆ ಜಿಡ್ಡು ಹಿಡಿದಿತ್ತು, ಒಂದು ಕಡೆ ತಗ್ಗು ಬೇರೆ. ಕಾಳಪ್ಪ ಬಂದವನು ಮೆಚ್ಚಬೇಕೆಂದು ಮೂರು ದಿನ ಕೂತು ಉಸುಕಿನ ಕಾಗದದಿಂದ ಉಜ್ಜಿದೆ. ಜನ್ಮದಲ್ಲಿ ಮೊದಲ ಸಲ ನನ್ನ ಕೈ ಒಂದು ಕೆಲಸವನ್ನು ಪೂರ್ತಿ ಮಾಡಿತು. ತಗ್ಗು ಹೋಗಿ ಹಿಡಿಕೆ ಲಟ್ಟಣಿಗೆಯ ಹಾಗೆ ನುಣ್ಣಗಾಯಿತು.

ಪೂಜೆಯ ದಿನ ಕಾಳಪ್ಪ ಕೈಕಾಲು ತೊಳೆದು, ಅರಿಷಿಣ ಕುಂಕುಮ ಏರಿಸಿ, ಬಾಚಿಯನ್ನು ಎತ್ತಿಕೊಂಡ. ಅವನ ಹೆಬ್ಬೆರಳು ಹಿಡಿಕೆಯ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು.

"ಇದು ಬ್ಯಾರೇದೈತ್ರಿ. ನಮ್ಮಪ್ಪಂದು ಕೊಡ್ರಿ."

"ಅದ ಐತಿ ಕಾಳಪ್ಪಾ. ಜರಾ ಸ್ವಚ್ಛ ಮಾಡೇನಿ" ಎಂದೆ.

ಮುದುಕ ಮೊದಲು ತಗ್ಗಿದ್ದ ಜಾಗದ ಮೇಲೆ ಹೆಬ್ಬೆರಳನ್ನು ಊರಿದ. "ಅಪ್ಪನ ಹೆಬ್ಬೆಟ್ಟು ಇಲ್ಲೇ ಕುಂದರತಿತ್ರಿ" ಎಂದ. ಆಮೇಲೆ ನನ್ನ ಮುಖ ಕಾಣದಿದ್ದರೂ ನನ್ನನ್ನೇ ಸಮಾಧಾನ ಮಾಡಿದ: "ಇರಲಿ ಬಿಡ್ರಿ. ನಲವತ್ತು ವರ್ಷ ಕೆತ್ತಿದ್ರ ತಗ್ಗು ಮತ್ತ ಬೀಳತೈತಿ." ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನೋ ನಮ್ಮ ಮನೆಯ ಹೋಳಿಗೆ ಉಂಡು, ಛಲೋ ಆಗ್ಯಾವ ಎಂದು ಹೊಗಳಿ, ನಾನು ಮರಳಿ ಕೊಟ್ಟ ಬಾಚಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದ.

ಅವನು ಹೋದ ಮೇಲೆ ಹೆಂಡತಿ ಹೇಳಿದಳು: "ಕಾಗದಾ ಉಳದಿದ್ರ ಆ ಕಂಬಾನೂ ಒಂದೀಟು ತಿಕ್ಕರಿ." ಇಪ್ಪತ್ತು ವರ್ಷಗಳಿಂದ ಊಟದ ನಂತರ ನಾನು ತಲೆಯಾನಿಸಿ ತೂಕಡಿಸುವ ಪಡಸಾಲೆಯ ಕಂಬ ಅದು. ಅಲ್ಲಿ ಕೊಬ್ಬರಿ ಎಣ್ಣೆಯ ಕರಿ ಕಲೆ ಇದೆ. ಮುಟ್ಟಿ ನೋಡಿದೆ, ಸಣ್ಣಗೆ ತಗ್ಗೂ ಬಿದ್ದಿದೆ. ಬಾಚಿಯನ್ನು ಕೆಡಿಸಿದ್ದು ಬಿಟ್ಟರೆ ಮರದ ಮೇಲೆ ನಾನು ಈವರೆಗೆ ಮಾಡಿದ ಕೆಲಸ ಅದೊಂದೇ. ಕಾಗದವನ್ನು ಒಲೆಗೆ ಹಾಕಿ ಬಂದು ಅದೇ ತಗ್ಗಿಗೆ ತಲೆಯಾನಿಸಿ ಕುಳಿತೆ. ಅಂದು ಮಾತ್ರ ನಿದ್ದೆ ಹತ್ತಲಿಲ್ಲ.