ಪರಿಚಯ ಮಾಡಿಸಬಾರದು

ಮನೆಗೆ ಬಂದ ಅತಿಥಿಗಳನ್ನು ಒಬ್ಬರಿಗೊಬ್ಬರು ಪರಿಚಯ ಮಾಡಿಸುವುದು ಆತಿಥೇಯನ ಮೊದಲ ಕರ್ತವ್ಯವೆಂದು ಲೋಕವೆಲ್ಲ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಲೋಕವೆಲ್ಲ ಒಂದೇ ಮಾತು ಹೇಳಿದಾಗ ನನಗೆ ಅನುಮಾನ ಹುಟ್ಟುವುದು ಶರೀರಧರ್ಮ. ಕೆಲವರಿಗೆ ಧೂಳು ಕಂಡರೆ ಸೀನು ಬರುವ ಹಾಗೆ. ಹತ್ತನೆಯ ತರಗತಿಗೇ ಶಾಲೆ ಬಿಟ್ಟು ರೈಲ್ವೆಯ ಸರಕು ಕಚೇರಿ ಸೇರಿದವನು ನಾನು. ಉಳಿದ ವಿದ್ಯೆಯನ್ನೆಲ್ಲ ಮದ್ರಾಸಿನ ಪ್ಯಾರೀಸ್ ಕಾರ್ನರಿನ ರಸ್ತೆ ಬದಿಯಲ್ಲಿ ಗೋಣಿತಾಟಿನ ಮೇಲೆ ಹರಡಿರುತ್ತಿದ್ದ ಹಳೆಯ ಪುಸ್ತಕಗಳಿಂದ ಸಂಪಾದಿಸಿದೆ. ಅವುಗಳಲ್ಲಿ ಬಹುಪಾಲಿಗೆ ಕೊನೆಯ ಪುಟಗಳೇ ಇರುತ್ತಿರಲಿಲ್ಲ. ಹೀಗಾಗಿ ತೀರ್ಮಾನಗಳನ್ನು ನಾನೇ ಮಾಡಿಕೊಳ್ಳುವ ಅಭ್ಯಾಸ ಬೆಳೆಯಿತು. ಕೈಯಲ್ಲಿ ಕತ್ತಿಯಿಲ್ಲವೆಂದು ತೋರಿಸುವುದಕ್ಕಾಗಿ ಜನ ಕೈಕುಲುಕಲು ತೊಡಗಿದರೆಂದು ಒಂದು ಪುಸ್ತಕದಲ್ಲಿತ್ತು. ಕಂಡವರು ಯಾರು? ಕತ್ತಿ ಎಡಗೈಯಲ್ಲಿದ್ದರೆ? ಈ ಪ್ರಶ್ನೆಗೆ ಇಂದಿನವರೆಗೆ ಯಾವ ಪದವೀಧರನೂ ನನಗೆ ಉತ್ತರ ಕೊಟ್ಟಿಲ್ಲ.

ಪರಿಚಯದ ವಿಷಯದಲ್ಲಿ ನನ್ನ ಸಿದ್ಧಾಂತ ರೈಲಿನಲ್ಲಿ ಹುಟ್ಟಿದ್ದು. ರೈಲಿನ ಡಬ್ಬಿಯಲ್ಲಿ ಯಾರೂ ಯಾರನ್ನೂ ಪರಿಚಯ ಮಾಡಿಸುವುದಿಲ್ಲ. ಆದರೆ ಫ್ಯಾನು ತಿರುಗದೆ ನಿಂತಿತೆನ್ನಿ. ಒಬ್ಬರು ಬಾಚಣಿಗೆ ತೂರಿಸಿ ತಿರುಗಿಸಲು ನೋಡುತ್ತಾರೆ, ಇನ್ನೊಬ್ಬರು ಇಲಾಖೆಯನ್ನು ಬೈಯುತ್ತಾರೆ, ಮುಂದಿನ ನಿಲ್ದಾಣದ ಹೊತ್ತಿಗೆ ಎಲ್ಲರೂ ಒಂದೇ ಡಬ್ಬದ ಪುಳಿಯೋಗರೆ ತಿನ್ನುತ್ತಿರುತ್ತಾರೆ. ಮನುಷ್ಯರನ್ನು ಹತ್ತಿರ ತರುವುದು ಹೆಸರು, ಹುದ್ದೆಗಳಲ್ಲ, ಒಂದು ಸಣ್ಣ ತೊಂದರೆ. ತೊಂದರೆ ಇಲ್ಲದ ಕಡೆ ಎಷ್ಟು ಪರಿಚಯ ಮಾಡಿಸಿದರೂ ಅದು ಮಡಿಸಿಟ್ಟ ಶಾಲಿನಂತೆ, ಯಾರೂ ಹೊದೆಯುವುದಿಲ್ಲ.

ಇದನ್ನೆಲ್ಲ ನನ್ನ ಸೊಸೆ ರಶ್ಮಿಗೆ ವಿವರಿಸಿ, ಅತಿಥಿಗಳಿಗೆ ಪರಿಚಯದ ಬದಲು ಒಂದು ಕೆಲಸವನ್ನೋ ಜಗಳವನ್ನೋ ಕೊಡಬೇಕೆಂದೆ. ಪೆರುಂಗುಡಿಯಲ್ಲಿ ಅವಳ ಜೊತೆ ಕೆಲಸ ಮಾಡುವ ಮಹೇಶನೆಂಬ ಮಂಡ್ಯದ ಹುಡುಗನ ಹೆಂಡತಿ ಸುಮಂಗಲಾ ಚೆನ್ನೈಗೆ ಬಂದು ತಿಂಗಳುಗಳಾದರೂ ಮಾತಾಡಲು ಒಂದು ಜೀವ ಸಿಕ್ಕಿರಲಿಲ್ಲ. ಈ ಊರಿನಲ್ಲಿ ತನ್ನ ಭಾಷೆಗೂ ಬೆಲೆಯಿಲ್ಲ, ತನಗೂ ಇಲ್ಲವೆಂದು ನಿರ್ಧರಿಸಿ, ಬಾಡಿಗೆಯ ಕರಾರು ಮುಗಿದೊಡನೆ ತವರಿಗೆ ಹೊರಟೇಬಿಡುವೆನೆಂದು ಪೆಟ್ಟಿಗೆ ಕಟ್ಟತೊಡಗಿದ್ದಳು. ಮಹೇಶ ಕಂಗಾಲಾಗಿ ರಶ್ಮಿಯ ಮುಂದೆ ಅತ್ತುಕೊಂಡ. ಅವಳಿಗೊಂದು ಗೆಳೆತನ ದೊರಕಿಸಿಕೊಡಲೆಂದೇ ರಶ್ಮಿ ನಮ್ಮ ಮನೆಯಲ್ಲಿ ಕೆಲವು ಕನ್ನಡಿಗರನ್ನು ಊಟಕ್ಕೆ ಕರೆದಳು.

"ಮೊದಲು ಎಲ್ಲರನ್ನೂ ಇಂಟ್ರೊಡ್ಯೂಸ್ ಮಾಡ್ತೀನಿ ಮಾವ. ಆಮೇಲೆ ಒಂದು ಗೇಮ್. ಪ್ರತಿಯೊಬ್ಬರೂ ತಮ್ಮ ಬಗ್ಗೆ ಎರಡು ನಿಜ, ಒಂದು ಸುಳ್ಳು ಹೇಳಬೇಕು."

"ನನ್ನ ವಯಸ್ಸಿನವರಲ್ಲಿ ಎರಡು ನಿಜ ಹೇಳುವ ಧೈರ್ಯ ಯಾರಿಗಿದೆಯಮ್ಮ?" ಎಂದೆ.

"ಅವರಿಗೆ ಒಂದು ಕೆಲಸ ಕೊಡಿ, ಇಲ್ಲ ಒಂದು ಜಗಳ ಕೊಡಿ ಅಂತೀರ. ಮನೆಗೆ ಬಂದವರಿಗೆ ಯಾರಾದರೂ ಜಗಳ ಬಡಿಸ್ತಾರಾ? ಪ್ಲೀಸ್ ಮಾವ, ಇವತ್ತೊಂದು ದಿನ ಬಾಯಿ ಹಾಕಬೇಡಿ."

ನಾನು ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ನನ್ನ ಅಸಮ್ಮತಿಯನ್ನು ದಾಖಲಿಸಿದೆ. ಅಲ್ಲಿಂದ ಹಾಲ್ ಪೂರ್ತಿ ಕಾಣುತ್ತದೆ, ಕೇಳುತ್ತದೆ. ನಡೆದದ್ದು ನಾನು ಹೇಳಿದಂತೆಯೇ. "ಇವರು ವಾಸುದೇವರಾಯರು, ಮಾವನ ಹಳೆಯ ಸ್ನೇಹಿತರು, ಬ್ಯಾಂಕಲ್ಲಿದ್ರು. ಇವರು ಜಲಜಾಕ್ಷಿ, ಉಡುಪಿಯವರು, ಇನ್ಶೂರೆನ್ಸು. ಇವರು ಸುಮಂಗಲಾ. ಒಳಗಿರೋದು ನಮ್ಮತ್ತೆ." ಎಲ್ಲರೂ ಕೈಮುಗಿದರು, ಎಲ್ಲರೂ ಮುಗುಳ್ನಕ್ಕರು, ಎಲ್ಲರೂ ಗೋಡೆಗೆ ಆತುಕೊಂಡರು. ಆಟ ಆರಂಭವಾಯಿತು. ರಾಯರು ತಮ್ಮ ಮೂರು ಮಾತುಗಳಲ್ಲಿ ಯಾವುದು ಸುಳ್ಳೆಂಬುದನ್ನು ತಾವೇ ಮರೆತರು. ಸುಮಂಗಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಾಗಿಲ ಕಡೆ ನೋಡಿದಳು. ಆಟ ಅಲ್ಲಿಗೇ ಸತ್ತಿತು.

ಆಗ ರಶ್ಮಿ ಉಪಾಯಗಾಣದೆ ಸುಮಂಗಲಾ ತಂದಿದ್ದ ಡಬ್ಬಿಯನ್ನು ತೆರೆದಳು. ಕಜ್ಜಾಯ. ಅದನ್ನು ಮಾಡಬಲ್ಲವರಿಗೆ ಗೊತ್ತು, ಪಾಕ ಒಂದು ಎಳೆ ತಪ್ಪಿದರೆ ಕಜ್ಜಾಯ ಎಣ್ಣೆಯಲ್ಲಿ ಕರಗಿ ಮಾನ ಕಳೆಯುತ್ತದೆ. ವಾಸುದೇವರಾಯರು ಒಂದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ತಲೆದೂಗಿ ಉದ್ಗರಿಸಿದರು:

"ಆಹಾ! ಪ್ರಮಾದಮ್ಮಾ, ಪ್ರಮಾದ! ಈ ಮಾದಿರಿ ಪ್ರಮಾದ ನಾನು ಇತ್ತೀಚೆಗೆ ಎಲ್ಲೂ ಕಂಡಿಲ್ಲ!"

ಸುಮಂಗಲಾಳ ಮುಖ ಬಿಳಿಚಿಕೊಂಡಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ರಾಯರ ತಾತನ ಕಾಲದಿಂದ ಅವರ ಮನೆ ಈ ಊರಿನಲ್ಲಿದೆ. ಅವರ ಕನ್ನಡ ತಮಿಳಿನ ಕೈ ಹಿಡಿಯದೆ ಹೊಸ್ತಿಲು ದಾಟುವುದಿಲ್ಲ. ನಮ್ಮಲ್ಲಿ ಪ್ರಮಾದವೆಂದರೆ ಘೋರ ತಪ್ಪು. ತಮಿಳಿನಲ್ಲಿ ಅದೇ ಶಬ್ದ ಅತ್ಯದ್ಭುತ ಎಂದಾಗುತ್ತದೆ. ಹೀಗೇಕಾಯಿತೆಂದು ಪಂಡಿತರು ಏನೇನೋ ಹೇಳುತ್ತಾರೆ, ನಾನು ನಂಬಿಲ್ಲ. ಹಿಂದೆ ಯಾರೋ ಕನ್ನಡಿಗ ಒಂದು ಭಾರಿ ತಪ್ಪನ್ನು ಕಂಡು ಅಷ್ಟು ಭಾವಪೂರ್ಣವಾಗಿ ಪ್ರಮಾದವೆಂದಿರಬೇಕು, ಪಕ್ಕದಲ್ಲಿದ್ದ ತಮಿಳ ಅದನ್ನು ಹೊಗಳಿಕೆಯೆಂದು ಮನೆಗೆ ಒಯ್ದಿರಬೇಕು. ನನ್ನ ಊಹೆಗೆ ಆಧಾರವಿಲ್ಲ, ಅವರದಕ್ಕೂ ಇಲ್ಲ.

"ಯಾಕೆ ಸಾರ್, ಪಾಕ ಕೆಟ್ಟೋಗಿತ್ತಾ?" ಎಂದಳು ಸುಮಂಗಲಾ, ಡಬ್ಬಿಯನ್ನು ತನ್ನತ್ತ ಎಳೆದುಕೊಳ್ಳುತ್ತ.

"ಇಲ್ಲಮ್ಮಾ, ಪಾಕವೇ ಪ್ರಮಾದ!"

"ಚೆನ್ನಾಗಿಲ್ಲದಿದ್ರೆ ಸುಮ್ನೆ ಪಕ್ಕಕ್ಕಿಡಬೋದಿತ್ತಲ್ಲ ಸಾರ್. ನಾಲ್ಕು ಜನರ ಮುಂದೆ ಹಿಂಗಾ ಅನ್ನೋದು?"

ರಶ್ಮಿ ಬಾಲ್ಕನಿಯತ್ತ ತಿರುಗಿ ಕಣ್ಣಿನಲ್ಲೇ ನನ್ನನ್ನು ಬೇಡಿಕೊಂಡಳು. ಎರಡೂ ಭಾಷೆಯ ಶಬ್ದಗಳನ್ನು ಅರೆದು ಕುಡಿದ ನಾನು ಒಂದು ವಾಕ್ಯದಲ್ಲಿ ಎಲ್ಲವನ್ನೂ ಸರಿಪಡಿಸಬಹುದಿತ್ತು. ಸರಿಪಡಿಸಲಿಲ್ಲ. ಫ್ಯಾನು ಈಗಷ್ಟೇ ನಿಂತಿದೆ. ರೈಲಿನ ಡಬ್ಬಿಯ ಜನ ಏಳಲಿ ಎಂದುಕೊಂಡೆ. ಆ ಹುಡುಗಿಯ ಕಣ್ಣಂಚಿನಲ್ಲಿ ನೀರು ಕಂಡಾಗ ಮಾತ್ರ ನಾನು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತೆನೆಂಬುದನ್ನು ಮುಚ್ಚಿಡಲಾರೆ.

ಎದ್ದವಳು ಜಲಜಾಕ್ಷಿ. "ಎಂತ ರಾಯರೆ ನೀವು! ಅಷ್ಟು ಕಷ್ಟಪಟ್ಟು ಮಾಡಿ ತಂದವರಿಗೆ ಹೀಗೆ ಹೇಳುವುದಾ? ನನಗೂ ಹೀಗೇ ಮಾಡಿದ್ರು ಈ ಊರಲ್ಲಿ. ನವರಾತ್ರಿಗೆ ಓನರಮ್ಮನ ಮನೆಯಲ್ಲಿ ಒಂದು ದೇವರ ನಾಮ ಹಾಡಿದೆ. ಮುಗಿಯುವುದೇ ತಡ, ಎಲ್ಲರೆದುರು 'ಪ್ರಮಾದಂ, ಪ್ರಮಾದಂ' ಅಂದ್ರು ಮಾರಾಯ್ರೆ. ಆವತ್ತಿನಿಂದ ನಾನು ಬಚ್ಚಲುಮನೆಯಲ್ಲೂ ಹಾಡಲಿಲ್ಲ."

"ಅಯ್ಯೋ, ಇಬ್ಬರಿಗೂ ನಲ್ಲಾ ಇದೆ ಅಂತ ತಾನೇ ಹೇಳಿದ್ದು!" ರಾಯರು ತಲೆಗೆ ಕೈಹೊತ್ತುಕೊಂಡರು. "ಪ್ರಮಾದ ಅಂದ್ರೆ ಸೂಪರಮ್ಮಾ, ಸೂಪರ್! ನಮ್ಮ ಮನೇಲಿ ಹಾಗೇ ಹೇಳೋದು."

ಜಲಜಾಕ್ಷಿ ಮೆಲ್ಲನೆ ಕೇಳಿದಳು: "ಅಂದ್ರೆ... ಆವತ್ತು ನಾನು ಚಂದ ಹಾಡಿದ್ದಾ?"

ಮೊದಲು ನಕ್ಕವಳು ಸುಮಂಗಲಾ. ಮೂಗೊರೆಸಿಕೊಳ್ಳುತ್ತ, ಡಬ್ಬಿಯನ್ನು ಎದೆಗವಚಿಕೊಂಡೇ ನಕ್ಕಳು. "ಅಕ್ಕಾ, ನಾನು ಒಂದು ನಿಮಿಷ ಅತ್ತಿದ್ದಕ್ಕೇ ಹಿಂಗಾಯ್ತು. ನೀವು ಇಷ್ಟು ದಿನ ಬಾಯಿ ಮುಚ್ಕೊಂಡಿದ್ರಾ? ಇವಾಗ ಹಾಡಿ, ಕಜ್ಜಾಯ ಕೊಡ್ತೀನಿ. ಸಾರ್, ನಿಮಗೆ ಮಾತ್ರ ಇನ್ನೊಂದಿಲ್ಲ. ಮೊದ್ಲು ಕನ್ನಡ ಕಲೀರಿ." ಜಲಜಾಕ್ಷಿ ಹಾಡಿದಳು. ನಿಜ ಹೇಳಬೇಕೆಂದರೆ ಅಷ್ಟೇನೂ ಚೆನ್ನಾಗಿರಲಿಲ್ಲ. ಓನರಮ್ಮನ ಉದ್ಗಾರವನ್ನು ಕನ್ನಡದಲ್ಲಿ ತೆಗೆದುಕೊಂಡರೂ ತಪ್ಪಾಗುತ್ತಿರಲಿಲ್ಲ. ಆದರೆ ಊಟದ ಹೊತ್ತಿಗೆ ಆ ಇಬ್ಬರು ಒಂದೇ ತಟ್ಟೆಯಿಂದ ಹಪ್ಪಳ ಮುರಿಯುತ್ತಿದ್ದರು. ಭಾನುವಾರ ಬೆಳಗ್ಗೆ ಕಾಸಿಮೇಡಿನ ಮೀನು ಮಾರುಕಟ್ಟೆಗೆ ಜೊತೆಯಾಗಿ ಹೋಗುವುದೆಂದೂ, ಬಂಗುಡೆ ಆರಿಸುವುದನ್ನು ಜಲಜಾಕ್ಷಿ ಕಲಿಸುವುದೆಂದೂ ತೀರ್ಮಾನವಾಯಿತು. ಮನೆಯ ಕರಾರನ್ನು ಮುಂದುವರಿಸಲು ಓನರಿಗೆ ಹೇಳಿಬಿಡಿ ಎಂದು ಸುಮಂಗಲಾ ಗಂಡನಿಗೆ ಫೋನಿನಲ್ಲಿ ಹೇಳುವುದನ್ನು ನಾನು ಈ ಕಿವಿಯಿಂದಲೇ ಕೇಳಿದೆ.

"ನೋಡಿದ್ರಾ ಮಾವ, ನನ್ನ ಪಾರ್ಟಿ ಸಕ್ಸೆಸ್" ಎಂದಳು ರಶ್ಮಿ, ಬಾಲ್ಕನಿಯ ಬಾಗಿಲಲ್ಲಿ ನಿಂತು. ಇತಿಹಾಸವನ್ನು ಬರೆಯುವವರು ಯಾವಾಗಲೂ ಹೀಗೇ. ನಾನು ವಾದಿಸಲು ಬಾಯಿ ತೆರೆಯುವಷ್ಟರಲ್ಲಿ ಅವಳು ಹೋಗಿಯಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಸುಮಂಗಲಾ ಬಂದಳು. ಒಬ್ಬಂಟಿಯಾಗಿ ಕುಳಿತಿದ್ದ ನನ್ನನ್ನು ಕಂಡು ಅವಳ ಮುಖದಲ್ಲಿ, ಆ ನೋವನ್ನು ತಿಂಗಳುಗಟ್ಟಲೆ ಉಂಡವರಿಗೆ ಮಾತ್ರ ಬರಬಹುದಾದ ಕರುಣೆ ಮೂಡಿತು.

"ಯಜಮಾನ್ರೇ, ನೀವು ಯಾರ ಕಡೆಯೋರು? ಆಗಿನಿಂದ ನೋಡ್ತಿದೀನಿ, ಯಾರೂ ನಿಮ್ಮನ್ನ ಮಾತಾಡಿಸ್ಲೇ ಇಲ್ಲ."

ಹೆಸರು, ಹುದ್ದೆಗಳನ್ನು ಹೇಳಿಕೊಳ್ಳುವುದು ನನ್ನ ಸಿದ್ಧಾಂತಕ್ಕೆ ವಿರೋಧ. "ನಾನು ಯಾರ ಕಡೆಯವನೂ ಅಲ್ಲ" ಎಂದೆ, ತಲೆಯೆತ್ತಿ.

"ಅಯ್ಯೋ ಪಾಪ!" ಎಂದವಳೇ ನನ್ನ ಮುಂಗೈ ಹಿಡಿದು ಎಬ್ಬಿಸಿ, ಹಾಲ್ ದಾಟಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದಳು. "ಅಮ್ಮಾ, ಈ ಯಜಮಾನ್ರಿಗೆ ಇಲ್ಲಿ ಯಾರೂ ಪರಿಚಯ ಇಲ್ವಂತೆ. ಊಟನೂ ಆದಂಗಿಲ್ಲ. ಇವರು ಈ ಮನೆಯಮ್ಮ, ಯಜಮಾನ್ರೇ. ಬಾಳ ಒಳ್ಳೇರು."

ನನ್ನ ಹೆಂಡತಿ ಸರಸಮ್ಮ ಸೌಟನ್ನು ಕೆಳಗಿಡದೆ ನನ್ನನ್ನು ಮುಡಿಯಿಂದ ಅಡಿಯವರೆಗೆ ನೋಡಿದಳು. "ಹೌದೇ? ಬಹಳ ಸಂತೋಷ" ಎಂದಳು. "ಎಲ್ಲೋ ನೋಡಿದ ಹಾಗಿದೆ. ಏನು ಕೆಲಸದಲ್ಲಿದ್ರಿ?"

ಹೇಳಿದೆ. ಹೆಸರು, ಊರು, ಇಲಾಖೆ, ಹುದ್ದೆ, ಎಲ್ಲವನ್ನೂ ಕೈಮುಗಿದು ಹೇಳಿದೆ. ನನ್ನ ಸಿದ್ಧಾಂತದಲ್ಲಿ ಈಗಲೂ ಲೋಪವಿಲ್ಲ. ಆದರೆ ಆ ಹೊತ್ತಿನಲ್ಲಿ ನನಗೆ ಹಸಿವಾಗಿತ್ತು.