ಸೆನೆಟರ್ ಪ್ರೌಸ್ ಮಂಡಿಸಿದ ನಿರ್ಣಯ

ಸೆನೆಟರ್ ಡೆಸ್ಮಂಡ್ ಪ್ರೌಸ್ ತಮ್ಮ ಫೋನನ್ನು ಬಾಗಿಲ ಕಾವಲುಗಾರನಿಗೆ ಒಪ್ಪಿಸಿದ್ದೇ ಆ ದಿನದ ಸಂಕಟಕ್ಕೆ ಮೂಲ. ಕ್ಯಾನ್‌ಬೆರಾದ ಬೇಹುಗಾರಿಕೆ ಇಲಾಖೆಯೊಳಕ್ಕೆ ಯಾರೂ ಫೋನ್ ಒಯ್ಯುವಂತಿಲ್ಲ. ಅತ್ತ ಮಗಳು ಟ್ಯಾಮ್ಸಿನ್‌ಗೆ ಬೆಳಗಿನಿಂದ ಹೆರಿಗೆ ನೋವು. ಹೆಂಡತಿ ನೋರೀನ್ ಆಸ್ಪತ್ರೆಯಲ್ಲಿದ್ದರು.

ಅಲ್ಲಿ ನಡೆಯಲಿದ್ದ ಸಭೆಯಿಂದ ತಪ್ಪಿಸಿಕೊಳ್ಳುವಂತೆಯೂ ಇರಲಿಲ್ಲ. ಇಲಾಖೆಯು ಜನರ ಫೋನುಗಳನ್ನು ಕದ್ದು ಕೇಳುತ್ತಿದೆ, ಅದರ ಮೇಲೆ ಕಣ್ಣಿಡಬೇಕಾದ, ಪ್ರೌಸ್ ಸದಸ್ಯರಾಗಿರುವ ಸಂಸದರ ಸಮಿತಿ ತೂಕಡಿಸುತ್ತಿದೆ ಎಂದು ಪತ್ರಿಕೆಗಳು ವಾರವಿಡೀ ಬರೆದಿದ್ದವು. ಒಂದು ಪತ್ರಿಕೆಯಂತೂ ಕಣ್ಣು ಮುಚ್ಚಿದ ಪ್ರೌಸ್ ಅವರ ಚಿತ್ರವನ್ನೇ ಅಚ್ಚು ಹಾಕಿತ್ತು. ಚಿತ್ರ ತೆಗೆದಾಗ ಅವರು ಸೀನುತ್ತಿದ್ದರು, ಆದರೆ ನಂಬುವವರಾರು?

ಕಿಟಕಿಯಿಲ್ಲದ ಕೋಣೆಯಲ್ಲಿ ಅವರು ಕಾದ ಕಾವಲಿಯ ಮೇಲೆ ಕೂತವರಂತೆ ಮಿಸುಕಾಡಿದರು.

"ಯಾಕ್ರೀ ಡೆಸ್ಮಂಡ್, ಕುರ್ಚೀಲಿ ಇರುವೆ ಇದ್ಯಾ?" ಎಂದರು ಸಮಿತಿಯ ಅಧ್ಯಕ್ಷೆ ಲೊರೆಟಾ ವಿಕರಿ.

"ಮಗಳಿಗೆ ನೋವು ಬಂದಿದೆ ಮೇಡಂ. ಒಂದ್ಸಲ ಹೊರಗೆ ಹೋಗಿ ಫೋನ್ ಮಾಡಿ..."

"ನೀವು ಎದ್ರೆ ಕೋರಂ ಹೋಯ್ತು, ಸಭೆ ನಿಂತ್ಹೋಗುತ್ತೆ." ಪಕ್ಕದ ಸದಸ್ಯ ಕ್ರೋಲ್ ತೋಳು ಹಿಡಿದು ಕೂರಿಸಿದರು. "ಹೆರೋದು ಅವಳು ಮಾರಾಯ್ರೇ. ನಿಮ್ಗೇನು ಕೆಲ್ಸ ಅಲ್ಲಿ?"

ಇಲಾಖೆಯ ಮುಖ್ಯಸ್ಥ ಪೆನ್‌ಹಾಲೊ ಮೆಲುದನಿಯ ಮನುಷ್ಯ. ತಾವು ಯಾರ ಫೋನನ್ನೂ ಅಕ್ರಮವಾಗಿ ಕೇಳುವುದಿಲ್ಲವೆಂದು ಅವರು ಪ್ರಮಾಣ ಮಾಡಿ ಹೇಳುತ್ತಿದ್ದಾಗಲೇ ಅಧಿಕಾರಿಯೊಬ್ಬ ಒಳಬಂದು ಅವರ ಕಿವಿಯಲ್ಲಿ ಏನೋ ಉಸುರಿದ. ಪೆನ್‌ಹಾಲೊ ಮುಖ ಅರಳಿತು.

"ಸೆನೆಟರ್, ಹೆಣ್ಣು ಮಗು. ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ."

ಪ್ರೌಸ್ ಅವರಿಗೆ ಕಣ್ಣು ತುಂಬಿ ಬಂತು. ಮಾತು ಹೊರಡುವ ಮೊದಲೇ ಕ್ರೋಲ್ ಮೊಣಕೈಯಿಂದ ತಿವಿದರು. "ಇವರಿಗೆ ಹೇಗ್ರೀ ಗೊತ್ತಾಯ್ತು?"

ಪ್ರೌಸ್ ಅವರೊಳಗಿನ ಅಜ್ಜ ಹಿಂದೆ ಸರಿದ. ಸಂಸದ ಎದ್ದು ನಿಂತ.

"ಪತ್ರಿಕೆಯವ್ರು ಬರೆದಿದ್ದು ನಿಜ ಹಾಗಾದ್ರೆ. ನಮ್ಮನೆ ಫೋನನ್ನೇ ಕೇಳ್ತಿದ್ದೀರಿ. ಈ ಸುದ್ದಿ ಎಲ್ಲಿಂದ, ಹೇಗೆ ಬಂತು ಅಂತ ಪೂರ್ತಿ ತಿಳಿಯೋವರೆಗೂ ಯಾರೂ ಈ ಕೋಣೆ ಬಿಟ್ಟು ಹೋಗಬಾರದು. ಇದು ನನ್ನ ನಿರ್ಣಯ."

ಎಲ್ಲ ಕೈಗಳೂ ಮೇಲೆದ್ದವು. ಸಮಿತಿ ಅಷ್ಟು ಎಚ್ಚರವಾಗಿದ್ದುದನ್ನು ಹಿಂದೆ ಯಾರೂ ಕಂಡಿರಲಿಲ್ಲ.

ಪೆನ್‌ಹಾಲೊ ಕೆಮ್ಮಿದರು. "ನಾವೇನೂ ಕದ್ದು ಕೇಳ್ಲಿಲ್ಲ. ನಿಮ್ಮ ಹೆಂಡತಿಯೇ ನಮ್ಮ ಮುಂಬಾಗಿಲ ಕಾವಲುಗಾರನಿಗೆ ಫೋನ್ ಮಾಡಿದ್ರು. 'ನಮ್ಮನೆಯವ್ರು ಒಳಗಿದ್ದಾರೆ, ಹೇಳ್ಬಿಡಿ. ಮಗೂಗೆ ಹೆಸರು ಅಜ್ಜಾನೇ ಬಂದು ಇಡ್ಲಿ ಅಂತ ಟ್ಯಾಮ್ಸಿನ್ ಕಾಯ್ತಿದ್ದಾಳೆ' ಅಂದ್ರಂತೆ."

ಪ್ರೌಸ್ ಕೋಟಿಗೆ ಕೈ ಹಾಕಿದರು. "ಮುಗೀತಲ್ಲ. ನಾನು ಹೊರಟೆ."

"ಕೂತ್ಕೊಳ್ಳಿ," ಎಂದರು ಅಧ್ಯಕ್ಷೆ. "ಇವತ್ತಿನ ಸಭೆ ಎಲ್ಲಿ ಅಂತ ಮನೆಯವ್ರಿಗೂ ಹೇಳೋ ಹಾಗಿರ್ಲಿಲ್ಲ. ನೋರೀನ್‌ಗೆ ಯಾರು ಹೇಳಿದ್ರು?"

"ನಾನಂತೂ ಬಾಯಿ ಬಿಟ್ಟಿಲ್ಲ ಮೇಡಂ. ನಾನೆಲ್ಲಿದ್ದೀನಿ ಅಂತ ಅವಳಿಗೆ ಯಾರೂ ಹೇಳ್ಬೇಕಾಗಿಲ್ಲ. ಮದುವೆಯಾದಾಗಿಂದ್ಲೂ ಹಾಗೇ. ತಾನಾಗೇ ಗೊತ್ತಾಗ್ಬಿಡುತ್ತೆ."

"ಅದೇ, ಹೇಗೆ?"

"ಅದು ನಂಗೂ ಇವತ್ತಿನವರೆಗೆ ಗೊತ್ತಾಗಿಲ್ಲ."

"ಪೂರ್ತಿ ತಿಳಿಯೋವರೆಗೂ ಅಂತ ನೀವೇ ಹೇಳಿದ್ದು," ಎಂದು ಕ್ರೋಲ್ ಮೆಲ್ಲನೆ ನೆನಪಿಸಿದರು.

ಪೆನ್‌ಹಾಲೊ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ದಿನ ಅವರಿಗೆ ನಿಜವಾದ ಆಸಕ್ತಿ ಹುಟ್ಟಿದ್ದು ಆಗಲೇ. "ಮದುವೆ ದಿನದಿಂದ ಶುರು ಮಾಡಿ ಸೆನೆಟರ್. ಅವಸರ ಏನಿಲ್ಲ."

ಆಸ್ಪತ್ರೆಯಲ್ಲಿ ಹೆಸರಿಲ್ಲದ ಕೂಸೊಂದು ಅಜ್ಜನಿಗಾಗಿ ಕಾಯುತ್ತಿತ್ತು. ಅಜ್ಜ ನಿಟ್ಟುಸಿರಿಟ್ಟು, ನೋರೀನ್ ಅವರನ್ನು ಮೊದಲ ಸಲ ಕಂಡ ಸಂಜೆಯಿಂದ ಹೇಳತೊಡಗಿದರು.